ಸಹಿಗೆ ಮುನ್ನ ಲೆಕ್ಕ ಹಾಕಿ

ವಿಚ್ಛೇದನದ ಮಾತು ಬಂತೆಂದರೆ ನಮ್ಮ ಸತ್ತೂರಿನ ಮನೆಗಳಲ್ಲಿ ಹಿರಿಯರು ಹೇಳುವುದು ಸಾಮಾನ್ಯವಾಗಿ ಇಷ್ಟೇ: “ಬಂದಷ್ಟು ರೊಕ್ಕ ಇಸಕೊಂಡು ಮುಗಿಸಿಬಿಡವಾ, ಕೋರ್ಟು-ಕಚೇರಿ ಯಾಕ ಬೇಕು?” ದಣಿದ ಜೀವ ಹೂಂ ಎನ್ನುತ್ತದೆ. ಎಡವುವುದು ಅಲ್ಲೇ.

ಸಹಿ ಹಾಕುವ ಮುನ್ನ ಒಂದು ಹಾಳೆ ತಗೊಳ್ಳಿ. ಮನೆ ಬಾಡಿಗೆ, ಕಿರಾಣಿ, ಮಕ್ಕಳ ಶಾಲೆ ಫೀ, ಔಷಧಿ, ಸಾಲದ ಕಂತು ಎಲ್ಲವನ್ನೂ ಬರೆಯಿರಿ. ಒಬ್ಬರ ದುಡಿಮೆಯಲ್ಲಿ ತಿಂಗಳು ಸಾಗೀತೇ, ನೋಡಿ. ಮನೆ ಸಾಲ ಇಬ್ಬರ ಹೆಸರಿನಲ್ಲಿದ್ದರೆ ಎಚ್ಚರ: ವಿಚ್ಛೇದನವಾದರೂ ಕಂತು ತಪ್ಪಿದಾಗ ಬ್ಯಾಂಕು ಇಬ್ಬರನ್ನೂ ಹಿಡಿಯುತ್ತದೆ. ಆ ಸಾಲ ಯಾರ ಪಾಲಿಗೆ ಎಂಬುದನ್ನು ಬ್ಯಾಂಕಿನವರ ಮುಂದೆಯೇ ಇತ್ಯರ್ಥ ಮಾಡಿಕೊಳ್ಳಿ. ವಿಮೆ, ಠೇವಣಿಗಳ ನಾಮಿನಿ ಹೆಸರನ್ನೂ ಮರೆಯಬೇಡಿ.

ವಕೀಲರ ಫೀಗೆಂದು ಮೀಟರ್ ಬಡ್ಡಿ ಸಾಲ ಮಾಡಬೇಡಿ, ತವರಿನ ಬಂಗಾರ ಅಡವಿಡಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವುಂಟು. ಕಡಿಮೆ ಆದಾಯದ ಗಂಡಸರಿಗೂ ಉಂಟು. ಧಾರವಾಡದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಪ್ರಕರಣ ಮುಗಿಯುವ ತನಕ ಮಧ್ಯಂತರ ಜೀವನಾಂಶ ಕೇಳಬಹುದು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು, ಇಬ್ಬರೂ ಆಸ್ತಿ-ಸಾಲದ ಪ್ರಮಾಣಪತ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೀಗಾಗಿ ಗಳಿಕೆ ಮುಚ್ಚಿಡಬೇಡಿ. ಪಾಸ್‌ಬುಕ್, ಸಂಬಳದ ಚೀಟಿಗಳ ನಕಲು ಜೋಪಾನವಾಗಿಡಿ.

ಸಂಬಂಧಿಕರ ಒತ್ತಾಯಕ್ಕೆ ಕೂತಲ್ಲೇ ಸಹಿ ಬೇಡ. ಒಪ್ಪಂದದ ಕಾಗದ ಮನೆಗೆ ತನ್ನಿ, ಎರಡು ದಿನ ಸಮಾಧಾನದಿಂದ ಓದಿ, ವಕೀಲರಿಗೆ ತೋರಿಸಿ. ಆಮೇಲೆ ಪೆನ್ನು ಹಿಡಿಯಿರಿ.