ವೇಲಚೇರಿಯಿಂದಲೇ ಊರಿನ ಪಹಣಿ ನೋಡಿ

ಕೆಲಸ ಚೆನ್ನೈನ ವೇಲಚೇರಿಯಲ್ಲಿ, ಜಮೀನು ಕರ್ನಾಟಕದ ಊರಿನಲ್ಲಿ, ಕೈಯಲ್ಲಿರುವುದು ಮೊಬೈಲ್ ಮಾತ್ರ. ಇಂಥವರು ಪಹಣಿ ನೋಡಲು ಅಲ್ಲಿನ ವಿಜಯನಗರ ಬಸ್ ನಿಲ್ದಾಣದ ಸುತ್ತ ಬ್ರೌಸಿಂಗ್ ಸೆಂಟರ್ ಹುಡುಕಿ ಅಲೆಯಬೇಕಿಲ್ಲ. ಕರ್ನಾಟಕದ ‘ಭೂಮಿ’ ಜಾಲತಾಣ ಫೋನಿನಲ್ಲೇ ತೆರೆಯುತ್ತದೆ. ತೊಡಕು ಒಂದೇ: ಪಹಣಿ ಎಂದರೆ ಅಗಲವಾದ ಹಾಳೆಯ ತುಂಬ ಕಾಲಂಗಳು. ಸಣ್ಣ ಪರದೆಯಲ್ಲಿ ಅವು ಕತ್ತರಿಸಿಹೋಗಬಹುದು, ಬಟನ್‌ಗಳು ಒಂದರ ಮೇಲೊಂದು ಬೀಳಬಹುದು. ಆಗ ನೆರವಿಗೆ ಬರುವುದು ‘ಡೆಸ್ಕ್‌ಟಾಪ್ ಸೈಟ್’ ಆಯ್ಕೆ.

ನಾವು ವಿಳಾಸ ಒತ್ತಿದ ಕೂಡಲೇ ‘ನಾನು ಮೊಬೈಲ್’ ಎಂದು ಬ್ರೌಸರ್ ಜಾಲತಾಣಕ್ಕೆ ತಿಳಿಸುತ್ತದೆ. ಈ ಆಯ್ಕೆ ಒತ್ತಿದರೆ ಕಂಪ್ಯೂಟರ್ ಎಂದು ಹೇಳಿಕೊಂಡು, ಪುಟವನ್ನು ಅಗಲ ಪರದೆಯ ಲೆಕ್ಕದಲ್ಲಿ ಹರಡುತ್ತದೆ. ಅಕ್ಷರ ಸಣ್ಣದಾಗುವುದು ಇದರಿಂದಲೇ.

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಪುಟ ತೆರೆದು, ವಿಳಾಸದ ಪಕ್ಕದ ಮೂರು ಚುಕ್ಕಿ ಒತ್ತಿ. ಪಟ್ಟಿಯನ್ನು ಕೆಳಗೆ ಸರಿಸಿದರೆ ‘ಡೆಸ್ಕ್‌ಟಾಪ್ ಸೈಟ್’ ಸಿಗುತ್ತದೆ, ಅದಕ್ಕೆ ಗುರುತು ಹಾಕಿ. ಫೈರ್‌ಫಾಕ್ಸ್‌ನಲ್ಲೂ ಮೂರು ಚುಕ್ಕಿಯ ಮೆನುವಿನಲ್ಲೇ ಇದೆ. ಐಫೋನಿನ ಸಫಾರಿಯಲ್ಲಿ ವಿಳಾಸದ ಪಟ್ಟಿಯಲ್ಲಿರುವ ಮೆನು ಗುರುತು ಒತ್ತಿ (ಕೆಲವು ಆವೃತ್ತಿಗಳಲ್ಲಿ ಅಲ್ಲಿ ಎರಡು ‘ಎ’ ಅಕ್ಷರಗಳಿರುತ್ತವೆ), ‘ರಿಕ್ವೆಸ್ಟ್ ಡೆಸ್ಕ್‌ಟಾಪ್ ವೆಬ್‌ಸೈಟ್’ ಆರಿಸಿ. ಗುರುತು ಹಾಕಿದೊಡನೆ ಪುಟ ಹೊಸದಾಗಿ ತೆರೆಯುವುದರಿಂದ, ತುಂಬಿದ ವಿವರಗಳೆಲ್ಲ ಅಳಿಸಿಹೋಗಬಹುದು. ಹಾಗಾಗಿ ಇದು ಮೊದಲ ಕೆಲಸವಾಗಲಿ, ವಿವರ ತುಂಬುವುದು ಆಮೇಲೆ.

ಇನ್ನು ಫೋನನ್ನು ಅಡ್ಡ ಹಿಡಿಯಿರಿ. ‘ಆಟೊ ರೊಟೇಟ್’ ಚಾಲೂ ಇರಲಿ. ‘ಭೂಮಿ’ ತಾಣದ ವಿಳಾಸ: ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್. ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇಲ್ಲದ, ಅದೇ ಹೆಸರಿನಂತೆ ಕಾಣುವ ತಾಣಗಳಲ್ಲಿ ಆಧಾರ್ ಸಂಖ್ಯೆಯನ್ನಾಗಲಿ ಒಟಿಪಿಯನ್ನಾಗಲಿ ದಯವಿಟ್ಟು ಕೊಡಬೇಡಿ. ಆರ್‌ಟಿಸಿ (ಅಂದರೆ ಪಹಣಿ) ನೋಡುವ ವಿಭಾಗದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ, ಸರ್ವೆ ನಂಬರ್ ಬರೆಯಿರಿ. ನಂತರ ಹಿಸ್ಸಾ ಮತ್ತು ವರ್ಷ ಕೇಳುತ್ತದೆ. ಒಂದು ಆಯ್ಕೆ ಮಾಡಿದ ಮೇಲೆ ಮುಂದಿನ ಪಟ್ಟಿ ತುಂಬಿಕೊಳ್ಳಲು ತುಸು ಹೊತ್ತು ಬೇಕು, ಅವಸರಪಟ್ಟು ಮತ್ತೆ ಮತ್ತೆ ಒತ್ತಬೇಡಿ. ಹಿಸ್ಸಾ ಗೊತ್ತಿಲ್ಲದಿದ್ದರೆ ಹಳೆಯ ಪಹಣಿಯ ಫೋಟೊ ಕಳಿಸಲು ಮನೆಯವರಿಗೆ ಹೇಳಿ.

‘ವೀಕ್ಷಿಸಿ’ ಒತ್ತಿದರೂ ಏನೂ ಕಾಣದಿದ್ದರೆ, ಹೊಸ ಕಿಟಕಿಯನ್ನು ಬ್ರೌಸರ್ ತಡೆದಿರಬಹುದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ಪಾಪ್‌ಅಪ್’ಗೆ ಅನುಮತಿ ಕೊಟ್ಟು ನೋಡಿ, ಕೆಲಸವಾದ ಮೇಲೆ ಮರೆಯದೆ ತೆಗೆಯಿರಿ. ಅದೇ ‘ಸೈಟ್ ಸೆಟ್ಟಿಂಗ್ಸ್’ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಕೂಡ ಇದೆ. ಎಲ್ಲ ತಾಣಗಳಿಗೂ ಅದನ್ನು ಕಾಯಂ ಮಾಡುವುದು ನನಗೆ ಸರಿಕಾಣದು. ಡೇಟಾ ಹೆಚ್ಚು ಖರ್ಚಾದೀತು, ಸುದ್ದಿ ಓದುವಾಗ ಕಣ್ಣಿಗೂ ಶ್ರಮ.

ಹೀಗೆ ನೋಡಿದ ಪಹಣಿ ಮಾಹಿತಿಗೆ ಮಾತ್ರ. ಬ್ಯಾಂಕಿಗೋ ಕೋರ್ಟಿಗೋ ಬೇಕಾದರೆ ಶುಲ್ಕ ಕಟ್ಟಿ ಐ-ಆರ್‌ಟಿಸಿ ಪಡೆಯಬೇಕು, ಇಲ್ಲವೇ ನಾಡಕಚೇರಿಯಿಂದ ತರಿಸಬೇಕು. ಹಣ ಕಟ್ಟುವ ಪುಟ ಡೆಸ್ಕ್‌ಟಾಪ್ ರೂಪದಲ್ಲಿದ್ದರೆ ಯುಪಿಐ ಆಪ್‌ಗಳ ಬದಲು ಕ್ಯೂಆರ್ ಕೋಡ್ ಬರುವುದುಂಟು. ಆಗ ಯುಪಿಐ ಐಡಿ ಬರೆಯಲು ಜಾಗವಿದೆಯೇ ನೋಡಿ. ಇಲ್ಲದಿದ್ದರೆ ಹಣ ಕಟ್ಟುವ ಮೊದಲೇ ಹಿಂದಕ್ಕೆ ಹೋಗಿ, ‘ಡೆಸ್ಕ್‌ಟಾಪ್ ಸೈಟ್’ ಗುರುತು ತೆಗೆದು, ಮೊಬೈಲ್ ರೂಪದಲ್ಲಿ ಹೊಸದಾಗಿ ಶುರುಮಾಡಿ.