ಮುಂಗಡವಾಗಿ ಬಂದ ಹಣವೆಲ್ಲ ಆದಾಯವೇ? ಮೊಬೈಲ್ ಆಟವೊಂದರ ಲೆಕ್ಕಪಾಠ

ವರ್ತಕರ ಮಾಸಪತ್ರಿಕೆಯಲ್ಲಿ ಮೊಬೈಲ್ ಆಟದ ಪ್ರಸ್ತಾಪವೇಕೆಂದು ಸದಸ್ಯ ಬಾಂಧವರು ಹುಬ್ಬೇರಿಸಬಹುದು. ಮುಂಗಡ ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಚಾರದಲ್ಲಿ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಪ್ಲೇರಿಕ್ಸ್ ಸಂಸ್ಥೆಯು 2017ರಲ್ಲಿ ಬಿಡುಗಡೆ ಮಾಡಿದ 'ಹೋಮ್‌ಸ್ಕೇಪ್ಸ್' ಆಟದಲ್ಲಿ ಆಸ್ಟಿನ್ ಎಂಬ ಬಟ್ಲರ್ ತನ್ನ ಹೆತ್ತವರ ಹಳೆಯ ಬಂಗಲೆಯನ್ನು ದುರಸ್ತಿಗೊಳಿಸುತ್ತಾನೆ. ಒಂದೇ ಬಗೆಯ ಮೂರು ಬಿಲ್ಲೆಗಳನ್ನು ಸಾಲುಗೂಡಿಸುತ್ತ ಹಂತಗಳನ್ನು ಗೆದ್ದರೆ ನಕ್ಷತ್ರಗಳು ಲಭಿಸುತ್ತವೆ. ಅವುಗಳಿಂದ ಮನೆಯ ಒಂದೊಂದೇ ಕೋಣೆ ಹೊಸದಾಗುತ್ತದೆ. ಮನಸ್ಸಿಗೆ ವಿರಾಮ ನೀಡುವ ಈ ಆಟ ಉಚಿತ. ಆದರೆ ಗೆಲುವಿನ ಅಂಚಿನಲ್ಲಿ ನಡೆಗಳು ಮುಗಿದುಹೋದಾಗ ಹೆಚ್ಚುವರಿ ನಡೆಗಳಿಗೆ ನಾಣ್ಯ ತೆರಬೇಕು; ಆ ನಾಣ್ಯಗಳನ್ನು ನಿಜವಾದ ಹಣಕ್ಕೆ ಮಾರಲಾಗುತ್ತದೆ. (ವ್ಯಾಪಾರ ಯಾವ ಘಳಿಗೆಯಲ್ಲಿ ಕುದುರುತ್ತದೆಂಬುದನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ.)

ಗ್ರಾಹಕನೊಬ್ಬ ಮಾರ್ಚ್ 31ರಂದು ನಾಣ್ಯ ಕೊಂಡು ಒಂದನ್ನೂ ಬಳಸಲಿಲ್ಲವೆನ್ನೋಣ. ಹಣ ಬಂದಿದೆ, ಸೇವೆ ಸಂದಿಲ್ಲ. ಆದ್ದರಿಂದ ಅದು ಹೊಣೆಗಾರಿಕೆಯೇ ಹೊರತು ಆದಾಯವಲ್ಲ. 'ಫಾರ್ಮ್‌ವಿಲ್' ಆಟದಿಂದ ಹೆಸರಾದ ಅಮೆರಿಕದ ಜಿಂಗಾ ಕಂಪನಿಯು ಷೇರು ವಿತರಣೆಗಾಗಿ 2011ರಲ್ಲಿ ಸಲ್ಲಿಸಿದ ದಾಖಲೆಗಳಲ್ಲಿ ಈ ಭೇದವನ್ನು ಬಹಿರಂಗಪಡಿಸಿತ್ತು. ಬಳಸಿದೊಡನೆ ತೀರುವ ವಸ್ತುವಿನ ಹಣ ಬಳಕೆಯಾದಾಗ ಆದಾಯ. ಬಾಳಿಕೆ ಬರುವ ವಸ್ತುವಿನದಾದರೆ, ಹಣ ತೆರುವ ಆಟಗಾರ ಸರಾಸರಿ ಎಷ್ಟು ಕಾಲ ಉಳಿಯುವನೋ ಅಷ್ಟು ಅವಧಿಗೆ ಹಂಚಿಕೆ. 2010ರಲ್ಲಿ ಅದರ ಮಾರಾಟದ ಮೊತ್ತ ಸುಮಾರು 84 ಕೋಟಿ ಡಾಲರ್. ಆದಾಯವೆಂದು ತೋರಿಸಿದ್ದು ಸುಮಾರು 60 ಕೋಟಿ ಮಾತ್ರ.

ನಮ್ಮಲ್ಲಿ ನಿಜವಾದ ಸೋಫಾ ತಯಾರಿಸುವವರ ಸ್ಥಿತಿಯೂ ಇದೇ. ಮಾರ್ಚ್‌ನಲ್ಲಿ ಪಡೆದ ₹50,000 ಮುಂಗಡವನ್ನು ಮಾರಾಟಕ್ಕೆ ಜಮಾ ಮಾಡಿ, ಪಾಲುದಾರರು ಅದನ್ನು ಲಾಭವೆಂದು ಹಿಂಪಡೆದರೆ, ಮೇ ತಿಂಗಳಲ್ಲಿ ಮರ ಕೊಳ್ಳಲು ಸಾಲ ಮಾಡಬೇಕಾಗುತ್ತದೆ. ಲೆಕ್ಕಪತ್ರ ಮಾನಕ 9ರ ಪ್ರಕಾರ ಸರಕಿನ ಒಡೆತನದ ಲಾಭ-ಅಪಾಯಗಳು ಗ್ರಾಹಕನಿಗೆ ವರ್ಗವಾದ ಬಳಿಕವೇ ಅದು ಮಾರಾಟ. ಅಲ್ಲಿಯವರೆಗೆ ಆ ಮೊತ್ತ ಅಢಾವೆ ಪತ್ರಿಕೆಯ ಹೊಣೆಗಾರಿಕೆಯ ಬದಿಯಲ್ಲಿರಬೇಕು.

ಜಿಎಸ್‌ಟಿಯ ದಾರಿ ಬೇರೆ. ಕಾಂಪೋಸಿಷನ್ ಪದ್ಧತಿಯಲ್ಲಿಲ್ಲದ ವರ್ತಕರು ಸರಕಿಗಾಗಿ ಪಡೆದ ಮುಂಗಡದ ಮೇಲೆ ಆಗಲೇ ತೆರಿಗೆ ಕಟ್ಟಬೇಕಿಲ್ಲವೆಂದು 2017ರ ನವೆಂಬರ್ 15ರ ಅಧಿಸೂಚನೆ ತಿಳಿಸಿತು. ಸೇವೆಗೆ ಈ ರಿಯಾಯಿತಿಯಿಲ್ಲ. ಜನವರಿ 1ರಂದು ಒಂದು ವರ್ಷದ ನಿರ್ವಹಣಾ ಒಪ್ಪಂದಕ್ಕೆ ತೆರಿಗೆಯ ಹೊರತು ₹3,600 ಪಡೆದಿದ್ದರೆ, ಜಿಎಸ್‌ಟಿ ಪೂರ್ಣ ಮೊತ್ತಕ್ಕೆ ಆಗಲೇ ಸಲ್ಲಬೇಕು. ಆ ಮಾರ್ಚ್ ಅಂತ್ಯಕ್ಕೆ ಆದಾಯ ₹900, ಉಳಿದ ₹2,700 ಹೊಣೆಗಾರಿಕೆ. ವಿವರಪತ್ರದ ವಹಿವಾಟಿಗೂ ಲಾಭ-ನಷ್ಟ ಖಾತೆಗೂ ತಾಳೆಯಾಗದಿರುವುದು ಇದರಿಂದಲೇ. ಇಲಾಖೆ ವಿವರಣೆ ಕೇಳಿದಾಗ ತಡಕಾಡುವ ಬದಲು, ಗ್ರಾಹಕವಾರು ಮುಂಗಡಗಳ ಪಟ್ಟಿಯನ್ನು ವರ್ಷಾಂತ್ಯದಲ್ಲೇ ಸಿದ್ಧಪಡಿಸಿಡತಕ್ಕದ್ದು.