ಕಾರ್ಡಿನ ನಂತರದ ಕೆಲಸ ನಿಮ್ಮದು

ಮುಳಗುಂದದ ಸಹೋದರಿಗೆ,

ಪುನರ್ವಸತಿ ಸಮಾಲೋಚನೆಯಲ್ಲಿ ಸ್ನಾತಕೋತ್ತರ ಓದುತ್ತಿದ್ದರೂ ಊರವರಿಗೆ ನೀವು ‘ಅಂಗವಿಕಲರ ಕಾರ್ಡ್ ಮಾಡಿಸೋ ಅಕ್ಕಾರು’. ಬೇಸರ ಬೇಡ, ಕಾರ್ಡಿಲ್ಲದೆ ಬಸ್ ಪಾಸೂ ಸಿಗದು. ನಿಮ್ಮ ನಿಜವಾದ ಕೆಲಸ ಅದರಾಚೆಗಿದೆ. ಕಾಲು ಕಳೆದುಕೊಂಡ ಹಮಾಲ ಮುಂದೇನು ಮಾಡಬಲ್ಲ, ಅವನಿಗೆ ಯಾವುದರಲ್ಲಿ ಮನಸ್ಸಿದೆ ಎಂದು ಅವನ ಜೊತೆ ಕೂತು ಹುಡುಕುವವರು ನೀವು. ಪಕ್ಕದಲ್ಲಿ ನಿಂತ ಅಣ್ಣ ಉತ್ತರ ಕೊಟ್ಟರೂ ಮತ್ತೆ ಆ ಹಮಾಲನನ್ನೇ ಕೇಳಬೇಕು.

ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೊಮ್ಮೆ ಹೋಗಿಬನ್ನಿ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಲ್ಲಿ ಅಂಧ ಮಕ್ಕಳ ಕೈಗೆ ಸಂಗೀತವೆಂಬ ವೃತ್ತಿಯನ್ನೇ ಕೊಟ್ಟರು. ನಿಮ್ಮ ವೃತ್ತಿಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಾಣದು.

ನಿಮ್ಮಂತೆ ಅಂಗವಿಕಲರಿಗೆ ಕೆಲಸದ ದಾರಿ ಹುಡುಕುವ ವೃತ್ತಿ ಸಲಹೆಗಾರರ ಹೆಸರು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಲ್ಲೇ ಇದೆ. ನಿಮ್ಮ ಕೋರ್ಸಿಗೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಈಗಲೇ ವಿಚಾರಿಸಿ. ಇದ್ದರೆ, ಪದವಿ ಕೈಸೇರಿದ ಕೂಡಲೇ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಳ್ಳಿ.